ಜುಲೈ 4ಕ್ಕೆ ಮಕ್ಕಳ ಜೊತೆ ಬಾಸ್ಟನ್

ಚಿಕ್ಕ ಮಕ್ಕಳಿದ್ದಾರೆ, ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ಕ್ಕೆ ಬಾಸ್ಟನ್‌ನಲ್ಲಿ ರಾತ್ರಿಯ ಪಟಾಕಿ ಬಿಟ್ಟು ಬೇರೇನಿದೆ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಅಲ್ಲಿ ಹಬ್ಬ ಅಂದರೆ ಬೆಳಗ್ಗೆಯೇ.

ಊರಿನ ಹಳೆಯ ಸರ್ಕಾರಿ ಕಟ್ಟಡವಾದ ಓಲ್ಡ್ ಸ್ಟೇಟ್ ಹೌಸ್‌ಗೆ ಬೇಗ ಹೋಗಿ. 1776ರ ಜುಲೈ 18ರಂದು ಸ್ವಾತಂತ್ರ್ಯ ಘೋಷಣೆಯನ್ನು ಊರಿನ ಜನರಿಗೆ ಓದಿ ಹೇಳಿದ್ದು ಅದರ ಬಾಲ್ಕನಿಯಿಂದ, ಈಗಲೂ ಪ್ರತಿ ಜುಲೈ 4ಕ್ಕೆ ಅಲ್ಲಿಂದಲೇ ಓದುತ್ತಾರೆ. ಮೇಲೆ ಸೂರಿನ ಹತ್ತಿರ ಸಿಂಹ ಮತ್ತು ಒಂಟಿಕೊಂಬಿನ ಕುದುರೆ ಇವೆ, ಮಕ್ಕಳಿಗೆ ತೋರಿಸಿ. ಬ್ರಿಟಿಷ್ ರಾಜನ ಗುರುತು ಅಂತ ಹಳೆಯವನ್ನು ಜನ ಅವತ್ತೇ ಕಿತ್ತು ಸುಟ್ಟುಹಾಕಿದ್ದರು. ಈಗಿರುವುದು ಆಮೇಲೆ ಮಾಡಿಸಿದ್ದು.

1797ರಲ್ಲಿ ನೀರಿಗಿಳಿದ ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್ ಎಂಬ ಹಳೆಯ ಯುದ್ಧದ ಹಡಗು ಸಾಮಾನ್ಯವಾಗಿ ಜುಲೈ 4ಕ್ಕೆ ಬಂದರಿನಲ್ಲಿ ಒಂದು ಸುತ್ತು ಬರುತ್ತದೆ. ಕ್ಯಾಸಲ್ ಐಲೆಂಡ್‌ನಲ್ಲಿ ಹುಲ್ಲಿನ ಮೇಲೆ ಕೂತು ನೋಡಿ, ಟಿಕೆಟ್ ಬೇಕಿಲ್ಲ. ಹಡಗು 21 ಕುಶಾಲತೋಪು ಹಾರಿಸುತ್ತದೆ, ಕ್ಯಾಸಲ್ ಐಲೆಂಡ್‌ನ ಕೋಟೆಯಿಂದ ತಿರುಗಿ ಉತ್ತರ ಬರುತ್ತದೆ. ಸದ್ದು ಜೋರು, ಸಣ್ಣವರ ಕಿವಿಗೆ ಏನಾದರೂ ಇಟ್ಟುಕೊಂಡಿರಿ. ಆ ವರ್ಷದ ಸಮಯ ಮಾತ್ರ ಮೊದಲೇ ನೋಡಿಕೊಳ್ಳಿ.

ರಾತ್ರಿ ಚಾರ್ಲ್ಸ್ ನದಿ ದಂಡೆಯ ಉದ್ಯಾನ ಎಸ್ಪ್ಲನೇಡ್‌ನಲ್ಲಿ ಬಾಸ್ಟನ್ ಪಾಪ್ಸ್ ವಾದ್ಯವೃಂದದ ಸಂಗೀತ ಚೆನ್ನಾಗಿರುತ್ತದೆ, ಆದರೆ ನೂಕುನುಗ್ಗಲು ಜಾಸ್ತಿ, ಬ್ಯಾಗ್ ತಪಾಸಣೆ ಬೇರೆ. ಮಕ್ಕಳಿದ್ದರೆ ನದಿಯಾಚೆ ಕೇಂಬ್ರಿಡ್ಜ್ ಕಡೆಯೇ ವಾಸಿ, ಪಟಾಕಿ ಅಲ್ಲಿಂದಲೂ ಚೆನ್ನಾಗಿ ಕಾಣುತ್ತದೆ. ಕಾರು ಮಾತ್ರ ಬೇಡ, ರೈಲಿನಲ್ಲೇ ಹೋಗಿ.