ಪರದೆ, ದಿಂಬುಗಳಿಗೆ ಕುಚ್ಚಿನ ಅಂಚು

ಪ್ರಶ್ನೆ: ಬಾಡಿಗೆ ಮನೆ ಬದಲಿಸಿದ ಮೇಲೆ ನಮ್ಮ ಹತ್ತಿ ಪರದೆಗಳು ಇಲ್ಲಿನ ಬಾಗಿಲುಗಳಿಗೆ 4 ಅಂಗುಲ ಗಿಡ್ಡವಾಗಿವೆ. 16 ಅಂಗುಲದ 5 ಸೋಫಾ ದಿಂಬುಗಳೂ ಇವೆ. ಎಲ್ಲಕ್ಕೂ ಕುಚ್ಚಿನ ಲೇಸ್ ಹಾಕಿಸುವ ಆಸೆಯಿದ್ದರೂ ಅಂಗಡಿಯವರು ಹೇಳಿದ ಬೆಲೆ ಕೇಳಿ ಹಿಂದಿರುಗಿದೆ. ಕಡಿಮೆ ಖರ್ಚಿನಲ್ಲಿ ದಾರಿಯುಂಟೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಲೇಸನ್ನು ದಿಂಬುಗಳಿಗೆ ಮಾತ್ರ ಕೊಳ್ಳಿ, ಪರದೆಗೆ ಬೇಡ. ದಿಂಬಿನ ನಾಲ್ಕೂ ಬದಿಗೆ ಹಾಕಿದರೆ ಒಂದಕ್ಕೆ 64 ಅಂಗುಲ, ಅಂದರೆ ಐದಕ್ಕೂ ಸೇರಿ 8 ಮೀಟರಿಗಿಂತ ಹೆಚ್ಚು ಬೇಕಾಗುತ್ತದೆ. ಎದುರುಬದುರಿನ ಎರಡು ಬದಿಗಳಿಗಷ್ಟೇ ಹಾಕಿದರೆ, ಮಡಿಕೆಗೆಂದು ಬಿಡುವುದನ್ನೂ ಸೇರಿಸಿ, ನಾಲ್ಕೂವರೆ ಮೀಟರಿನಲ್ಲಿ ಮುಗಿಯುತ್ತದೆ. ನೋಡಲಿಕ್ಕೂ ಇದೇ ಹೆಚ್ಚು ಅಚ್ಚುಕಟ್ಟು ಎಂಬುದು ನನ್ನ ಅಭಿಪ್ರಾಯ. ಬೆಲೆ ಕೇಳುವಾಗ ಅದು ಗಜಕ್ಕೋ ಮೀಟರಿಗೋ ಎಂಬುದನ್ನು ಖಚಿತಪಡಿಸಿಕೊಳ್ಳಿ, ಏಕೆಂದರೆ ಗಜವೆಂದರೆ 91 ಸೆಂಟಿಮೀಟರಿಗಿಂತ ತುಸುವೇ ಹೆಚ್ಚು.

ಹತ್ತಿಯ ಲೇಸಾದರೆ ಹೊಲಿಯುವ ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಿ, ಇಲ್ಲವಾದರೆ ಮೊದಲ ಒಗೆತದಲ್ಲೇ ಅದು ಕುಗ್ಗಿ ದಿಂಬಿನ ಬದಿ ಸುಕ್ಕುಗಟ್ಟುತ್ತದೆ. ಒದ್ದೆಯಾಗಿರುವಾಗಲೇ ಬಿಳಿ ಬಟ್ಟೆಯಿಂದ ಒತ್ತಿ ನೋಡಿದರೆ ಬಣ್ಣ ಬಿಡುತ್ತದೆಯೇ ಎಂಬುದೂ ತಿಳಿಯುತ್ತದೆ. ಬಳಿಕ ಕವರನ್ನು ಒಳಮೈ ಹೊರಗಾಗುವಂತೆ ತಿರುಗಿಸಿ, ಬದಿಯ ಹೊಲಿಗೆ ಬಿಚ್ಚಿ, ಎರಡು ಪದರಗಳ ನಡುವೆ ಲೇಸನ್ನು ಎಳೆಗಳು ಒಳಮುಖವಾಗಿರುವಂತೆ ಇಟ್ಟು ಮತ್ತೆ ಹೊಲಿಯಬೇಕು. ಹೊಸ ಲೇಸಿನ ಎಳೆಗಳು ಸಿಕ್ಕಾಗದಿರಲೆಂದು ತುದಿಯಲ್ಲಿ ಸಾಮಾನ್ಯವಾಗಿ ಒಂದು ಸರಪಳಿ ಹೊಲಿಗೆ ಇರುತ್ತದೆ. ಕೆಲಸವೆಲ್ಲ ಮುಗಿದ ಮೇಲಷ್ಟೇ ಅದನ್ನು ಬಿಚ್ಚಿರಿ. ಸರಿಯಾದ ತುದಿ ಹಿಡಿದು ಎಳೆದರೆ ಒಂದೇ ಸಲಕ್ಕೆ ಸರ್ರನೆ ಬಂದುಬಿಡುತ್ತದೆ.

ಪರದೆಯ ವಿಷಯದಲ್ಲಿ ಬಟ್ಟೆಯಿಂದಲೇ ಕುಚ್ಚು ತೆಗೆಯುವುದು ಲೇಸಿಗಿಂತ ಅಗ್ಗ ಮಾತ್ರವಲ್ಲ, ಗಿಡ್ಡವಾದ ಉದ್ದಕ್ಕೂ ಪರಿಹಾರ. ಅದಕ್ಕೆ ಹಳೆಯ ಖಾದಿ ಅಥವಾ ಕೈಮಗ್ಗದ ಹೊದಿಕೆ ಸಾಕು. ಕೊಳ್ಳಲೇಬೇಕೆಂದರೂ ನಿಮ್ಮ ಕಡೆ ಖಾದಿ ಸಿಗುವುದು ಕಷ್ಟವಲ್ಲ, ರಾಷ್ಟ್ರಧ್ವಜದ ಬಟ್ಟೆ ನೇಯುವ ಗರಗ ನಿಮ್ಮ ಜಿಲ್ಲೆಯಲ್ಲೇ ಇದೆ. ಪಾಲಿಯೆಸ್ಟರ್ ಬೇಡ, ಅದರ ನುಣುಪು ಎಳೆಗಳಲ್ಲಿ ಗಂಟು ನಿಲ್ಲುವುದಿಲ್ಲ. ಬಟ್ಟೆಯಿಂದ ಒಂದೇ ಒಂದು ಎಳೆಯನ್ನು ಎಳೆದು ತೆಗೆದರೆ ಅಲ್ಲೊಂದು ನೇರ ಗೆರೆ ಮೂಡುತ್ತದೆ. ಅದರ ಮೇಲೆಯೇ ಕತ್ತರಿಸುತ್ತ, ಪರದೆಯ ಅಗಲಕ್ಕೆ ಸರಿಯಾಗಿ ನಾಲ್ಕೂವರೆ ಅಂಗುಲದ ಪಟ್ಟಿ ಮಾಡಿಕೊಳ್ಳಿ. ಕೆಳತುದಿಯಿಂದ ಎರಡೂವರೆ ಅಂಗುಲ ಮೇಲೆ ಮಿಷನ್ನಿನಲ್ಲಿ ಒಂದು ಹೊಲಿಗೆ ಹಾಕಿ, ಅದರ ಕೆಳಗಿನ ಅಡ್ಡ ಎಳೆಗಳನ್ನು ಸೂಜಿಯ ಮೊನೆಯಿಂದ ಒಂದೊಂದಾಗಿ ಬಿಡಿಸಿ ತೆಗೆಯಿರಿ. ಆಗ ಉದ್ದ ಎಳೆಗಳು ಜೋತು ನಿಲ್ಲುತ್ತವೆ. ಸೀರೆಯ ಸೆರಗಿಗೆ ಕುಚ್ಚು ಕಟ್ಟುವಂತೆಯೇ ಅವನ್ನು ಸಮಪ್ರಮಾಣದ ಗೊಂಚಲುಗಳಾಗಿ ವಿಂಗಡಿಸಿ, ಹೊಲಿಗೆಗೆ ಒತ್ತಿಕೊಂಡಂತೆ ಗಂಟು ಹಾಕಿ. ಗಂಟಿಗೆ ಅರ್ಧ ಅಂಗುಲದಷ್ಟು ಹೋಗುತ್ತದೆ. ಪಟ್ಟಿಯ ಮೇಲಂಚನ್ನು ಅರ್ಧ ಅಂಗುಲ ಮಡಚಿ ಪರದೆಗೆ ಸೇರಿಸಿದಾಗ ಒಟ್ಟು ಮೂರೂವರೆ ಅಂಗುಲ ಉದ್ದವಾಗುತ್ತದೆ. ಉಳಿದ ಅರ್ಧ ಅಂಗುಲವನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ನೆಲ ಮುಟ್ಟುವ ಕುಚ್ಚು ದಿನವೂ ಕಸಪೊರಕೆಗೆ ಸಿಕ್ಕಿ ತಿಂಗಳೊಳಗೆ ಮಾಸಿಹೋಗುತ್ತದೆ.

ಅಂಟಿನಿಂದ ಅಂಟಿಸಿದರೆ ಆಗದೇ ಎಂದು ಹಲವರು ಕೇಳುತ್ತಾರೆ. ಒಗೆಯುವ ಯಾವ ಬಟ್ಟೆಗೂ ಅದನ್ನು ನಾನು ಹೇಳುವುದಿಲ್ಲ. ಒಗೆಯುವಾಗ ದಿಂಬಿನ ಕವರನ್ನು ಒಳಹೊರಗು ಮಾಡಿ, ತಲೆದಿಂಬಿನ ಚೀಲದೊಳಗೆ ಹಾಕಿ ಬಾಯಿ ಕಟ್ಟಿ ವಾಷಿಂಗ್ ಮಷಿನ್ನಿಗೆ ಹಾಕಿದರೆ ಕುಚ್ಚು ಸಿಕ್ಕಾಗುವುದಿಲ್ಲ. ಹಸಿಯಿರುವಾಗ ಅಗಲ ಹಲ್ಲಿನ ಹಳೆಯ ಬಾಚಣಿಗೆಯಿಂದ ಬಾಚಿ ನೆರಳಿನಲ್ಲಿ ಒಣಗಿಸಿ. ಅಡುಗೆಮನೆಯ ಪರದೆಗೆ ಮಾತ್ರ, ಅದು ಒಲೆಯ ಹತ್ತಿರವಿದ್ದರೆ, ಕುಚ್ಚು ಹಾಕಲೇಬೇಡಿ.