ಅಪ್ಪನ ಗಡಿಯಾರ 17 ನಿಮಿಷ ಮುಂದೆ

ಪತ್ರ (ಸ್ವಲ್ಪ ಮೊಟಕುಗೊಳಿಸಿದ್ದೇವೆ)

ಮಾನ್ಯ ಸಂಪಾದಕರೇ,

ಅಪ್ಪ ತೀರಿಕೊಂಡು ಐದು ತಿಂಗಳಾಯಿತು. ವಿಚಿತ್ರ ಮನುಷ್ಯ. ಗೋಡೆ ಗಡಿಯಾರವನ್ನು ಸದಾ 17 ನಿಮಿಷ ಮುಂದಿಟ್ಟಿರುತ್ತಿದ್ದರು. ಯಾಕೆ 17 ಎಂದು ಕೇಳಿದರೆ, ‘15 ಇಟ್ರೆ ಎಲ್ರೂ ಕಳೆದು ನೋಡ್ಕೋತಾರೆ. 17 ಕಳೆಯೋಕೆ ಸೋಮಾರಿಗಳಿಗೆ ಬರಲ್ಲ’ ಅನ್ನುತ್ತಿದ್ದರು. ರಾಂಗ್ ನಂಬರ್ ಬಂದರೆ ಅರ್ಧ ಗಂಟೆ ಮಾತಾಡುತ್ತಿದ್ದರು. ನಾವು ಮಕ್ಕಳು ದುಡ್ಡು ಕೇಳಿದರೆ ಅರ್ಜಿ ಬರೆಸಿಕೊಂಡು, ‘ಪರಿಶೀಲನೆಯಲ್ಲಿದೆ’ ಎಂದು ಷರಾ ಬರೆದು ವಾಪಸು ಕೊಡುತ್ತಿದ್ದರು. ಶ್ರದ್ಧಾಂಜಲಿ ಸಭೆಯಲ್ಲಿ ನಾನು ಇದನ್ನೆಲ್ಲ ಹೇಳಿದೆ. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅತ್ತೆ, ಅಂದರೆ ಅಪ್ಪನ ಅಕ್ಕ, ಎದ್ದು ಹೋದರು. ಅವತ್ತಿನಿಂದ ನನ್ನ ಜತೆ ಮಾತಿಲ್ಲ. ಗೆಳತಿಯೊಬ್ಬಳು ‘ನೀನಿನ್ನೂ ನಿರಾಕರಣೆಯ ಹಂತದಲ್ಲೇ ಇದ್ದೀಯ’ ಎನ್ನುತ್ತಾಳೆ. ಅಣ್ಣನದು ಬೇರೆಯೇ ರಾಗ. ‘ನಿನಗೆ ತಮಾಷೆ. ಅವರ ಪರಿಶೀಲನೆ ಮುಗಿಯೋ ಹೊತ್ತಿಗೆ ನನ್ನ ಪರೀಕ್ಷೆ ಫೀಸು ಕಟ್ಟೋ ಕೊನೇ ದಿನ ದಾಟಿಹೋಗಿತ್ತು’ ಅಂದ. ಅಪ್ಪನ ಬಗ್ಗೆ ಬರೆದ ಲೇಖನವನ್ನು ಜತೆಗಿಟ್ಟಿದ್ದೇನೆ. ಓದಿದರೆ ನನಗೇ ಅವರು ಜೋಕರ್ ಥರ ಕಾಣುತ್ತಾರೆ. ನಾನು ನಕ್ಕಿದ್ದು ತಪ್ಪಾ? ಅಮ್ಮ ಏನೂ ಹೇಳುವುದಿಲ್ಲ. ಗಡಿಯಾರ ಸರಿಮಾಡಲು ಮಾತ್ರ ಬಿಡುತ್ತಿಲ್ಲ.

(ಹೆಸರು ಹಾಕಬೇಡಿ ಎಂದು ಕೇಳಿದ್ದಾರೆ)

ಉತ್ತರ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಲೇಖನವನ್ನು ಮೂರು ಸಲ. ಬೇಜಾರು ಮಾಡಿಕೊಳ್ಳಬೇಡಿ, ಲೇಖನಕ್ಕಿಂತ ಪತ್ರವೇ ಚೆನ್ನಾಗಿದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ನಗುವಿನ ವಿಷಯ ಮುಗಿಸೋಣ.

ತಪ್ಪಲ್ಲ. ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಅತ್ತೆ ಎದ್ದು ಹೋಗಿದ್ದಾರೆ, ಆದ್ದರಿಂದ ಸ್ವಲ್ಪ ವಾದವೂ ಬೇಕಾಗುತ್ತದೆ. ಅತ್ತೆಯ ಪಕ್ಷಕ್ಕೆ ದೊಡ್ಡ ದೊಡ್ಡ ಪಂಡಿತರೇ ಇದ್ದಾರೆ. 14ನೇ ಶತಮಾನದ ವಿಶ್ವನಾಥ ತನ್ನ ಸಾಹಿತ್ಯದರ್ಪಣ ಎಂಬ ಸಂಸ್ಕೃತ ಕಾವ್ಯಶಾಸ್ತ್ರ ಗ್ರಂಥದಲ್ಲಿ ಯಾವ ರಸಕ್ಕೆ ಯಾವ ರಸ ಆಗಿಬರುವುದಿಲ್ಲ ಎಂದು ಪಟ್ಟಿ ಮಾಡುತ್ತಾನೆ. ಹಾಸ್ಯಕ್ಕೆ ಭಯಾನಕವೂ ಶೋಕದಿಂದ ಹುಟ್ಟುವ ಕರುಣವೂ ವಿರೋಧಿಗಳು. ಕಾವ್ಯಕ್ಕೆ ಅದು ಸರಿಯಿರಬಹುದು. ಸಾವಾದ ಮನೆ ಈ ನಿಯಮವನ್ನು ಪಾಲಿಸಿದ್ದನ್ನು ನಾನಂತೂ ನೋಡಿಲ್ಲ. ಎಲ್ಲರೂ ಅತ್ತು ಸುಸ್ತಾದ ಹೊತ್ತಿಗೆ ಮೂಲೆಯಲ್ಲಿ ಯಾರೋ ಒಬ್ಬರು ಸತ್ತವರ ಮಾತನ್ನೇ ಸತ್ತವರ ಧಾಟಿಯಲ್ಲೇ ಹೇಳಿಬಿಡುತ್ತಾರೆ. ಅಲ್ಲಿಗೆ ಮುಗಿಯಿತು. ಅಳುತ್ತಿದ್ದವರೇ ಬಾಯಿಗೆ ಸೆರಗೋ ಕರ್ಚೀಫೋ ಅಡ್ಡ ಹಿಡಿದು ನಗುತ್ತಾರೆ.

ನನ್ನ ಅಪ್ಪನೂ ಇದೇ ಜಾತಿಯವರು. ಅವರು ಹೋದಾಗ ಪತ್ರಿಕೆಗೆ ಕೊಡಲು ಒಂದು ಫೋಟೊ ಬೇಕಾಯಿತು. ಮನೆಯ ಆಲ್ಬಮ್‌ಗಳನ್ನೆಲ್ಲ ಜಾಲಾಡಿದೆವು. ಮುಖ ನೆಟ್ಟಗಿರುವ ಒಂದೇ ಒಂದು ಚಿತ್ರವಿಲ್ಲ! ಒಂದರಲ್ಲಿ ಹುಬ್ಬು ಹಾರಿದೆ, ಒಂದರಲ್ಲಿ ಕೆನ್ನೆ ಉಬ್ಬಿದೆ, ಗುಂಪಿನ ಚಿತ್ರಗಳಲ್ಲೆಲ್ಲ ಮುಂದೆ ನಿಂತವರ ತಲೆಗೆ ಎರಡು ಬೆರಳಿನ ಕೊಂಬು. ಕೊನೆಗೆ ಗುರುತಿನ ಚೀಟಿಯ ಚಿತ್ರವನ್ನೇ ಕೊಟ್ಟೆವು. ಮರುದಿನ ಅದನ್ನು ನೋಡಿದ ಅವರ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, ‘ಹೆಸರು ಅವರದ್ದೇ, ಫೋಟೊ ಯಾರದ್ದೋ ಬಂದಿದೆ, ತಿದ್ದುಪಡಿ ಹಾಕಿಸಿ’ ಎಂದರು. ನಾನು ಫೋನ್ ಹಿಡಿದುಕೊಂಡೇ ನಕ್ಕೆ. ಆ ಕ್ಷಣದವರೆಗೆ ನನಗೆ ಅಳು ಬಂದಿರಲಿಲ್ಲ. ನಗು ಮುಗಿಯುವ ಮೊದಲೇ ಬಂತು.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಡಾಕರ್ ಕೆಲ್ಟ್‌ನರ್ ಮತ್ತು ಜಾರ್ಜ್ ಬೊನಾನೊ ಎಂಬ ಮನಶ್ಶಾಸ್ತ್ರಜ್ಞರು 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಂಗಾತಿ ತೀರಿಕೊಂಡು ಸುಮಾರು ಆರು ತಿಂಗಳಾದವರನ್ನು ಮಾತಾಡಿಸಿ, ಮಾತಿನ ನಡುವೆ ಅವರ ಮುಖದಲ್ಲಿ ಏನೇನಾಗುತ್ತದೆ ಎಂದು ಗಮನಿಸಿದರು. ಹಲ್ಲು ಕಿರಿಯುವ ಶಿಷ್ಟಾಚಾರದ ನಗು ಒಂದು ಬಗೆ, ಕಣ್ಣಿನ ಸುತ್ತಲ ಸ್ನಾಯು ಬಿಗಿದು ಬರುವ ನಿಜವಾದ ನಗು ಇನ್ನೊಂದು. ಹೋದವರ ಬಗ್ಗೆ ಮಾತಾಡುತ್ತ ಈ ಎರಡನೇ ನಗು ನಕ್ಕವರಲ್ಲಿ ಸಂಕಟ ಕಡಿಮೆಯಿತ್ತು, ಸುತ್ತಲಿನವರ ಜತೆ ಸಂಬಂಧವೂ ಚೆನ್ನಾಗಿತ್ತು. ನಕ್ಕಿದ್ದರಿಂದಲೇ ದುಃಖ ಕಡಿಮೆಯಾಯಿತು ಎಂದು ಇದರಿಂದ ಹೇಳಲು ಬರುವುದಿಲ್ಲ. ಆದರೆ ನಕ್ಕವರು ದುಃಖವಿಲ್ಲದವರು ಎಂಬ ಮಾತಂತೂ ನಿಲ್ಲುವುದಿಲ್ಲ.

ನಿಮ್ಮ ಗೆಳತಿಯ ‘ಹಂತ’ದ ಬಗ್ಗೆ ಎರಡೇ ಮಾತು. ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಐದು ಹಂತಗಳನ್ನು ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ 1969ರಲ್ಲಿ ಬರೆದದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳನ್ನು ಮಾತಾಡಿಸಿ. ಹೊರಟವರ ಟೈಮ್‌ಟೇಬಲ್ಲನ್ನು ಉಳಿದವರ ಕೈಗೆ ಕೊಟ್ಟು ‘ನೀನಿನ್ನೂ ಮೊದಲನೇ ಸ್ಟಾಪಿನಲ್ಲಿದ್ದೀಯ’ ಅನ್ನುವುದು ನನಗೆ ಒಪ್ಪಿತವಲ್ಲ. 1999ರಲ್ಲಿ ಮಾರ್ಗರೆಟ್ ಸ್ಟ್ರೀಬ ಮತ್ತು ಹೆಂಕ್ ಸ್ಖುಟ್ ಎಂಬ ಮನಶ್ಶಾಸ್ತ್ರಜ್ಞರು ಹೇಳಿದ್ದು ನನ್ನ ಅನುಭವಕ್ಕೆ ಹತ್ತಿರ. ದುಃಖದಲ್ಲಿರುವವರು ಒಮ್ಮೆ ನಷ್ಟದ ಕಡೆಗೆ, ಒಮ್ಮೆ ಮುಂದಿನ ಬದುಕಿನ ಕಡೆಗೆ ಜೀಕುತ್ತಲೇ ಇರುತ್ತಾರೆ, ಹಾಗೆ ಜೀಕುವುದೇ ಸಹಜ ಎನ್ನುತ್ತಾರೆ ಅವರು. ಗೆಳತಿಗೆ ಇಷ್ಟು ತಿಳಿಸಿ. ಜಗಳ ಬೇಡ.

ಅತ್ತೆಯನ್ನು ಮಾತ್ರ ಇಷ್ಟು ಸುಲಭಕ್ಕೆ ಬಿಡಲಾರೆ. ಸಭೆಯಲ್ಲಿ ನಕ್ಕವರಿಗೆಲ್ಲ ನಿಮ್ಮ ಅಪ್ಪ ತಮಾಷೆಯ ಮನುಷ್ಯ ಎಂದೇ ಪರಿಚಯ. ಅತ್ತೆಗೆ ಹಾಗಲ್ಲ. ಜೋಕು ಹೇಳಲು ಕಲಿಯುವುದಕ್ಕೂ ಮೊದಲಿನ ತಮ್ಮನನ್ನು ಅವರು ನೋಡಿದ್ದಾರೆ. ಅಂಥವರು ಈಗ ಭೂಮಿಯ ಮೇಲೆ ಅವರೊಬ್ಬರೇ ಇರಬಹುದು. ನಾಟ್ಯಶಾಸ್ತ್ರದಲ್ಲಿ ಹಾಸ್ಯವನ್ನು ಎರಡು ಮಾಡಿದ್ದಾರೆ: ತಾನೇ ನಕ್ಕರೆ ಆತ್ಮಸ್ಥ, ಇನ್ನೊಬ್ಬರನ್ನು ನಗಿಸಿದರೆ ಪರಸ್ಥ. ನಿಮ್ಮ ಲೇಖನದ ಹನ್ನೊಂದು ಪ್ರಸಂಗಗಳಲ್ಲೂ ಅಪ್ಪ ನಗಿಸುತ್ತಾರೆ. ಅವರು ನಕ್ಕದ್ದು ಒಂದರಲ್ಲೂ ಇಲ್ಲ. ಒಬ್ಬರೇ ಇದ್ದಾಗ ಅವರು ಹೇಗಿದ್ದರು? ಚಿಕ್ಕಂದಿನಲ್ಲಿ ಯಾವುದಕ್ಕೆ ನಗುತ್ತಿದ್ದರು, ಯಾವುದಕ್ಕೆ ಹೆದರುತ್ತಿದ್ದರು? ಅತ್ತೆಯ ಮನೆಗೆ ಹೋಗಿ ಇದನ್ನು ಕೇಳಿ. ಕ್ಷಮೆ ಕೇಳುವುದಕ್ಕೆ ಹೋದರೆ ಬಾಗಿಲಲ್ಲೇ ಮುಗಿಯುತ್ತದೆ. ‘ಅಪ್ಪ ಹುಡುಗನಾಗಿದ್ದಾಗ ಹೇಗಿದ್ದ ಅತ್ತೆ?’ ಅಂದರೆ ಕೂರಿಸಿಕೊಳ್ಳುತ್ತಾರೆ.

ಈಗ ಲೇಖನಕ್ಕೆ ಬರುತ್ತೇನೆ.

ಅಪ್ಪಂದಿರ ಬಗ್ಗೆ ನಮ್ಮ ಮೇಜಿಗೆ ಬರುವ ಬರಹಗಳಲ್ಲಿ ಹೆಚ್ಚಿನವು ದೇವರ ಬಗ್ಗೆ ಇರುತ್ತವೆ. ಉಳಿದವು ನಿಮ್ಮದರ ಹಾಗೆ, ವಿದೂಷಕನ ಬಗ್ಗೆ. ದೇವರಿಗೂ ವಿದೂಷಕನಿಗೂ ಒಂದು ಅನುಕೂಲವಿದೆ, ಮನೆಗೆಲಸ ಇರುವುದಿಲ್ಲ. ಫೀಸು ಕಟ್ಟಬೇಕಾಗಿಲ್ಲ. ನೀವು ಅರ್ಜಿಯ ಪ್ರಸಂಗವನ್ನು ಲೇಖನದಲ್ಲಿ ಬಹಳ ಚೆನ್ನಾಗಿ ಬರೆದಿದ್ದೀರಿ. ‘ಪರಿಶೀಲನೆಯಲ್ಲಿದೆ’ ಎಂಬ ಷರಾಕ್ಕೆ ನಾನೂ ನಕ್ಕೆ. ಆದರೆ ಅಣ್ಣನ ಫೀಸಿನ ಮಾತು ಅಲ್ಲಿಲ್ಲ, ಪತ್ರದಲ್ಲಷ್ಟೇ ಇದೆ. ಪತ್ರ ಚೆನ್ನಾಗಿದೆ ಎಂದು ನಾನು ಹೇಳಿದ್ದು ಇದಕ್ಕೇ. ನಗಿಸುವ ಮನುಷ್ಯ ಇರುವ ಮನೆಯಲ್ಲಿ ನಗುವವರು ಕೆಲವರು, ಆ ನಗುವಿನ ಬಿಲ್ಲು ಕಟ್ಟುವವರು ಇನ್ನು ಕೆಲವರು. ರಾಂಗ್ ನಂಬರಿನ ಜತೆ ಅರ್ಧ ಗಂಟೆ ಹರಟುವಾಗ ಫೋನಿಗಾಗಿ ಯಾರೋ ಪಕ್ಕದಲ್ಲಿ ಕಾದು ನಿಂತಿರುತ್ತಾರೆ. ಅವರೂ ಪುಟದೊಳಗೆ ಬರಲಿ. ಅವರು ಬಂದರೆ ಅಪ್ಪ ಸಣ್ಣವರಾಗುತ್ತಾರೆ ಎಂಬ ಭಯ ನಿಮಗಿದೆ. ನನಗನ್ನಿಸುವುದು ಉಲ್ಟಾ. ಅಣ್ಣ ಮುಖ ಸಿಂಡರಿಸಿಕೊಂಡು ಅರ್ಜಿ ಹಿಡಿದು ನಿಂತಿರುವ ಆ ಕೋಣೆಯಲ್ಲಿ ಮಾತ್ರ ನಿಮ್ಮ ಅಪ್ಪನಿಗೆ ಮೈ ಇದೆ, ತೂಕ ಇದೆ. ಉಳಿದ ಹತ್ತು ಪ್ರಸಂಗಗಳಲ್ಲಿ ಅವರು ವೇದಿಕೆಯ ಮೇಲಿದ್ದಾರೆ.

ಇದನ್ನು ಇಷ್ಟು ಜೋರಾಗಿ ಹೇಳಲು ನನಗೊಂದು ಕಾರಣವಿದೆ. ಅಮ್ಮನಿಗೆ ಆಪರೇಷನ್ ಆಗಬೇಕಿದ್ದ ಬೆಳಿಗ್ಗೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ನನ್ನ ಅಪ್ಪ ಡಾಕ್ಟರ ಹತ್ತಿರ, ‘ಬಿಚ್ಚಿದ ಮೇಲೆ ಜೋಡಿಸುವಾಗ ಒಂದೆರಡು ಸ್ಕ್ರೂ ಉಳಿದರೆ ನನಗೇ ಕೊಡಿ, ರೇಡಿಯೊ ರಿಪೇರಿಗೆ ಆಗುತ್ತೆ’ ಅಂದರು. ಡಾಕ್ಟರು ನಕ್ಕರು. ಗಾಲಿಮಂಚದ ಮೇಲಿದ್ದ ಅಮ್ಮನೂ ನಕ್ಕರು. ನಾನು ಮೂರು ವಾರ ಅಪ್ಪನ ಹತ್ತಿರ ಮಾತು ಬಿಟ್ಟೆ. ಅದು ಧೈರ್ಯವೋ, ಓಡಿಹೋಗುವ ದಾರಿಯೋ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. ಒಂದು ದಿನ ಹಾಗನ್ನಿಸುತ್ತದೆ, ಒಂದು ದಿನ ಹೀಗೆ. ಈ ಪ್ರಸಂಗವನ್ನು ಇದುವರೆಗೆ ಎಲ್ಲೂ ಬರೆದಿರಲಿಲ್ಲ, ಫೋಟೊ ಕಥೆಯನ್ನು ಮಾತ್ರ ಹತ್ತು ಕಡೆ ಹೇಳಿದ್ದೇನೆ. ನೋಡಿ, ನಾನೂ ನಿಮ್ಮ ಹಾಗೇ.

ಇನ್ನೊಂದು ತಕರಾರು, ಸ್ವಲ್ಪ ನಗುತ್ತಲೇ ಹೇಳುತ್ತಿದ್ದೇನೆ. ಪತ್ರದಲ್ಲಿ ರಾಂಗ್ ನಂಬರ್ ಮಾತುಕತೆ ಅರ್ಧ ಗಂಟೆ. ಲೇಖನದಲ್ಲಿ ಎರಡು ಗಂಟೆ! ಅಷ್ಟೇ ಅಲ್ಲ, ಆ ಕಡೆ ಇದ್ದವರು ಮಗಳ ಮದುವೆಗೇ ಕರೆದುಬಿಟ್ಟಿದ್ದಾರೆ. ನೀವು ಬೇಕೆಂದೇ ಸುಳ್ಳು ಸೇರಿಸಿದಿರಿ ಎನ್ನುವುದಿಲ್ಲ. ಹೇಳಿ ಹೇಳಿ ಕಥೆ ನುಣ್ಣಗಾಗುತ್ತದೆ. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ಅಪರಿಚಿತ ನಾಡಿನ ಕಥೆಯೊಂದನ್ನು ಓದಿಸಿ, ಆಮೇಲೆ ನೆನಪಿನಿಂದ ಹೇಳಿಸಿದಾಗ, ಅರ್ಥವಾಗದ ವಿಚಿತ್ರ ವಿವರಗಳು ಮೊದಲು ಉದುರಿದವು, ಉಳಿದವು ಹೇಳುವವರಿಗೆ ಪರಿಚಿತವಾದ ಆಕಾರಕ್ಕೆ ತಿರುಗಿಕೊಂಡವು. ವಿಚಿತ್ರ ಅಪ್ಪಂದಿರ ವಿಷಯದಲ್ಲಿ ಇದು ದುಬಾರಿ ನಷ್ಟ, ಯಾಕೆಂದರೆ ಮೊದಲು ಉದುರುವುದೇ ಅವರ ವೈಚಿತ್ರ್ಯ. ಕೊನೆಗೆ ಉಳಿಯುವುದು ಯಾರ ಅಪ್ಪನಿಗಾದರೂ ಹೊಂದುವ ಒಂದು ಜೋಕು. ಮದುವೆ ಕರೆಯನ್ನು ತೆಗೆದುಬಿಡಿ. ಅರ್ಧ ಗಂಟೆಯಲ್ಲಿ ಅವರು ಏನು ಮಾತಾಡಿದರು ಎಂಬುದು ಒಂದು ವಾಕ್ಯವಾದರೂ ನೆನಪಿದ್ದರೆ ಅದನ್ನು ಹಾಕಿ. ಅಣ್ಣನನ್ನೂ ಕೇಳಿ. ಇಬ್ಬರ ನೆನಪು ಹೊಂದದಿದ್ದರೆ ಎರಡನ್ನೂ ಬರೆಯಿರಿ. ತೀರ್ಪು ಕೊಡುವ ಕೆಲಸ ನಿಮ್ಮದಲ್ಲ.

ಅವರ ಮಾತನ್ನು ಇಸ್ತ್ರಿ ಮಾಡಬೇಡಿ. ಪತ್ರದಲ್ಲಿ ‘17 ಕಳೆಯೋಕೆ ಸೋಮಾರಿಗಳಿಗೆ ಬರಲ್ಲ’ ಎಂದು ಬರೆದ ನೀವು ಲೇಖನದಲ್ಲಿ ‘ಹದಿನೇಳನ್ನು ಕಳೆಯಲು ಆಲಸಿಗಳ ಮನಸ್ಸು ಹಿಂಜರಿಯುತ್ತದೆ ಎಂಬುದು ಅವರ ಅಭಿಮತವಾಗಿತ್ತು’ ಎಂದು ಬರೆದಿದ್ದೀರಿ. ಅಪ್ಪ ಓದಿದ್ದರೆ ಏನು ಷರಾ ಬರೆಯುತ್ತಿದ್ದರು ಎಂದು ನೀವೇ ಊಹಿಸಿ.

ಒಂದು ಸಣ್ಣ ಕೆಲಸವನ್ನು ಇವತ್ತೇ ಮಾಡಿ. ರಸೀದಿಗಳ ಹಿಂದೆಯೂ ಅವರು ಷರಾ ಬರೆಯುತ್ತಿದ್ದರು ಎಂದು ಲೇಖನದಲ್ಲಿದೆ. ಎಟಿಎಂ ಚೀಟಿಯಂಥ ನುಣುಪು ಕಾಗದದಲ್ಲಿ ಅಚ್ಚಾಗುವುದು ಶಾಯಿಯಿಂದಲ್ಲ, ಶಾಖದಿಂದ. ಬಿಸಿಲು, ಸೆಕೆ ತಗುಲಿದರೆ ಆ ಅಕ್ಷರ ಮಾಸಿಹೋಗುತ್ತದೆ, ಕಾಗದವೇ ಕಪ್ಪಾಗುವುದೂ ಉಂಟು. ಎರಡೂ ಮಗ್ಗುಲಿನ ಫೋಟೊ ತೆಗೆದಿಡಿ. ಯಾವುದರ ರಸೀದಿ ಎಂದು ಗೊತ್ತಿಲ್ಲದಿದ್ದರೆ ಜೋಕು ಅರ್ಧ ಸತ್ತಂತೆ. ವಾಟ್ಸ್‌ಆ್ಯಪ್‌ನಲ್ಲಿ ಅವರ ಧ್ವನಿ ಸಂದೇಶಗಳಿದ್ದರೆ ಬೇರೆ ಕಡೆಗೂ ಒಂದು ಪ್ರತಿ ಮಾಡಿಟ್ಟುಕೊಳ್ಳಿ. ಫೋನ್ ಬದಲಿಸುವಾಗ ಬ್ಯಾಕಪ್ ಇಲ್ಲದೆ ಕಳೆದುಕೊಂಡವರ ಪತ್ರಗಳೂ ನನ್ನ ಹತ್ತಿರ ಇವೆ, ಅವಕ್ಕೆ ನನ್ನಲ್ಲಿ ಉತ್ತರವಿಲ್ಲ.

ಕೊನೆಗೆ ಅಮ್ಮ. ‘ಗಡಿಯಾರ ಸರಿಮಾಡಲು ಬಿಡುತ್ತಿಲ್ಲ’ ಎಂಬ ಮಾತು ನಿಮ್ಮ ಪತ್ರದ ತುದಿಯಲ್ಲಿ, ಜಾಗ ಉಳಿದದ್ದಕ್ಕೆ ತುರುಕಿದ ಹಾಗೆ ಬಂದಿದೆ. ಲೇಖನದಲ್ಲಿ ಆ ಗಡಿಯಾರ ಅಪ್ಪನ ಜೋಕಿನೊಂದಿಗೆ ಮೊದಲ ಪ್ಯಾರಾದಲ್ಲೇ ಮುಗಿದುಹೋಗಿದೆ. ಆ 17 ನಿಮಿಷವನ್ನು ದಿನಾ ಕಳೆದು ಲೆಕ್ಕ ಹಾಕಿ ಮನೆ ನಡೆಸಿದವರು ಯಾರು ಎಂದು ನೀವು ಎಲ್ಲೂ ಕೇಳಿಲ್ಲ. ಅಮ್ಮನನ್ನು ಯಾಕೆ ಎಂದು ಕೇಳಬೇಡಿ. ‘ಅವರ ನೆನಪಿಗೆ’ ಎಂದುಬಿಡುತ್ತಾರೆ, ಅಲ್ಲಿಗೆ ಎಲ್ಲ ಹಾಳು. ಸುಮ್ಮನೆ ನೋಡಿ. ಟೈಮೆಷ್ಟು ಎಂದು ಯಾರಾದರೂ ಕೇಳಿದಾಗ ಅವರು ಗಡಿಯಾರದ ಲೆಕ್ಕ ಹೇಳುತ್ತಾರಾ, ಕಳೆದು ಹೇಳುತ್ತಾರಾ? ಅದನ್ನು ಕಂಡ ಹಾಗೆ ಬರೆಯಿರಿ.

ಹನ್ನೊಂದರಲ್ಲಿ ನಾಲ್ಕು ಪ್ರಸಂಗ ಸಾಕು. ಯಾವ ನಾಲ್ಕು ಎನ್ನುವುದನ್ನು ಅಣ್ಣನ ಎದುರು ಓದಿ ತೀರ್ಮಾನಿಸಿ, ಅವನು ನಗದ ಒಂದಾದರೂ ಅದರಲ್ಲಿರಲಿ. ನಿಮ್ಮ ಹಸ್ತಪ್ರತಿಯನ್ನು ಗುರುತು ಹಾಕಿ ವಾಪಸು ಕಳಿಸುತ್ತಿದ್ದೇನೆ, ಮೇಲ್ಗಡೆ ‘ಪರಿಶೀಲನೆಯಲ್ಲಿದೆ’ ಎಂದು ಬರೆದದ್ದಕ್ಕೆ ಕ್ಷಮೆಯಿರಲಿ, ಕೈ ತಡೆಯಲಿಲ್ಲ. ಮುಂದಿನ ತಿಂಗಳ 20ರ ಸಂಜೆ 5 ಗಂಟೆಯೊಳಗೆ ತಿದ್ದಿದ ಪ್ರತಿ ನನ್ನ ಕೈಸೇರಬೇಕು. ನಿಮ್ಮ ಮನೆಯ ಗೋಡೆ ನೋಡಿಕೊಂಡು ಹೊರಟರೆ ಹೇಗೂ ತಡವಾಗುವುದಿಲ್ಲ.

ಸಂ.