ಆಡುಸೋಗೆ ಸಾರ: ಟಿಬಿ, ಉರಿಯೂತದ ಪರೀಕ್ಷೆ ಕಾಲೇಜಿನಲ್ಲಿ ಆಗುತ್ತಾ?

ಶಿರಸಿಯ ಕಾಲೇಜ್ ಲ್ಯಾಬಿನಲ್ಲೇ ಆಡುಸೋಗೆ ಎಲೆಯ ಸಾರವನ್ನು ಟಿಬಿ ಮತ್ತು ಉರಿಯೂತಕ್ಕೆ ಪರೀಕ್ಷಿಸಬಹುದಾ ಅಂತ ಕೇಳಿದ್ದೀರಿ. ನಿಜವಾದ ಟಿಬಿ ಬ್ಯಾಕ್ಟೀರಿಯಾ ಮೇಲೆ ಆಗುವುದಿಲ್ಲ. ಎಚ್37ಆರ್‌ವಿ ಎಂಬ ಟಿಬಿ ಬ್ಯಾಕ್ಟೀರಿಯಾ ತಳಿ ಬೆಳೆಸಲು ಬಿಎಸ್‌ಎಲ್-3, ಅಂದ್ರೆ ಅಪಾಯದ ರೋಗಾಣುಗಳಿಗೆ ಇರುವ ಬಿಗಿ ಸುರಕ್ಷತೆಯ ಲ್ಯಾಬ್ ಬೇಕು. ಅದರ ನೆಂಟ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್‌ನಿಂದ ಶುರು ಮಾಡಿ, ಎರಡು ಮೂರು ದಿನಕ್ಕೇ ಬೆಳೆಯುತ್ತದೆ. ಅಲ್ಲಿ ಕೆಲಸ ಮಾಡಿತು ಅಂತ ಟಿಬಿಗೆ ಮದ್ದು ಸಿಕ್ಕಿತು ಎಂದು ಮಾತ್ರ ಬರೆಯಬೇಡಿ.

96 ಪುಟ್ಟ ಗುಳಿಗಳ ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಮತ್ತು ಸಾರ ಬೆರೆಸಿ, ಅಲಮಾರ್ ಬ್ಲೂ ಎಂಬ ಬಣ್ಣದ ಸೂಚಕ ಹಾಕಿದಾಗ ನೀಲಿಯೇ ಉಳಿದರೆ ಬೆಳವಣಿಗೆ ನಿಂತಿದೆ, ಗುಲಾಬಿಯಾದರೆ ಬ್ಯಾಕ್ಟೀರಿಯಾ ಬದುಕಿದೆ. ತೊಂದರೆ ಏನಂದ್ರೆ, ಎಲೆಯ ಕಡು ಹಸಿರು ಈ ಬಣ್ಣವನ್ನೇ ಕೆಡಿಸುತ್ತದೆ. ಹಾಗಾಗಿ ಬ್ಯಾಕ್ಟೀರಿಯಾ ಹಾಕದೆ ಸಾರ ಮಾತ್ರ ಇರುವ ಗುಳಿಗಳನ್ನೂ ಇಡಿ. ಹೋಲಿಕೆಗೆ ಡಿಎಂಎಸ್‌ಒ (ಸಾರ ಕರಗಿಸುವ ದ್ರಾವಕ) ಮತ್ತು ರಿಫಾಂಪಿಸಿನ್ (ಟಿಬಿ ಔಷಧ) ಗುಳಿಗಳು ಬೇಕೇ ಬೇಕು. ಅಂಚಿನ ಗುಳಿಗಳು ಬೇಗ ಆರುತ್ತವೆ, ಅವಕ್ಕೆ ಸುಮ್ನೆ ನೀರು ತುಂಬಿ.

ಉರಿಯೂತಕ್ಕೆ ಎಲ್ಲರೂ ಮಾಡುವ ಆಲ್ಬುಮಿನ್ ಪರೀಕ್ಷೆ (ಬಿಸಿಗೆ ಈ ಪ್ರೋಟೀನ್ ಕೆಡುವುದನ್ನು ಸಾರ ತಡೆಯುತ್ತದಾ ಅಂತ ನೋಡುವುದು) ಅಗ್ಗ, ಆದರೆ ನನಗೆ ಅದರ ಮೇಲೆ ನಂಬಿಕೆ ಕಮ್ಮಿ. ಅದರಲ್ಲಿ ಜೀವಕೋಶವೇ ಇಲ್ಲ ಅಲ್ವಾ? ಸಾಧ್ಯವಾದರೆ ರಾ 264.7 ಎಂಬ ಇಲಿಯ ರೋಗನಿರೋಧಕ ಕೋಶಗಳಲ್ಲಿ, ಉರಿಯೂತದ ಗುರುತಾದ ನೈಟ್ರಿಕ್ ಆಕ್ಸೈಡ್ ಅಳೆಯಿರಿ; ಸಾರ ಕೆಲಸ ಮಾಡಿದರೆ ಅದು ಇಳಿಯಬೇಕು. ಕೋಶ ಸತ್ತರೂ ಅದು ಇಳಿಯುತ್ತದೆ, ಆದ್ದರಿಂದ ಕೋಶಗಳು ಬದುಕಿವೆಯಾ ಅಂತಲೂ ನೋಡಿ.

ಎಲೆಯನ್ನು ಮಳೆಗಾಲ ಮುಗಿದ ಮೇಲೆ ಕೊಯ್ಯಿರಿ. ಶಿರಸಿಯ ಜುಲೈನಲ್ಲಿ ನೆರಳಲ್ಲಿ ಒಣಗಿಸಿದರೆ ಬೂಷ್ಟು ಗ್ಯಾರಂಟಿ.